ಕೆನೆಬಣ್ಣದ ಸೀಟು

ಹುಡುಗಿ ಕೆನೆಬಣ್ಣವನ್ನೇ ಆರಿಸಿದಳು. ಕಪ್ಪು, ಕಂದು, ಗೆರೆಯಿದ್ದ ಬೂದು, ಗಾಡಿಗಳ ಸೀಟು ಹೊಲಿಯುವ ತನ್ನ ಅಂಗಡಿಯಲ್ಲಿದ್ದ ಅಷ್ಟೂ ರೆಕ್ಸಿನ್ ತುಂಡುಗಳನ್ನು ಬೀರಲಿಂಗೇಶ್ ಅವಳ ಮುಂದೆ ಹರವಿದ್ದ. ನಮ್ಮ ಕಡೆಯ ಕೆಂಪು ಧೂಳಿಗೆ ಕೆನೆಬಣ್ಣ ಬಾಳುವುದಿಲ್ಲ ಎಂದೂ ಹೇಳಿದ್ದ. ಅವಳು ಸೀರೆ ಆರಿಸುವವರ ಹಾಗೆ ತುಂಡನ್ನು ಮುಂಗೈ ಮೇಲೆ ಹಾಕಿ ನೋಡಿಕೊಂಡು, "ಇದೇ ಇರ್ಲಿ ಅಣ್ಣಾರ, ಹೊಲಸಾದ್ರ ನಾ ಒರಸ್ತೀನಿ," ಅಂದಳು. ಆ 'ನಾ' ಅವನ ಎದೆಗೆ ನಾಟಿತು. ಮಾರೇಶನ ಗಾಡಿಯನ್ನು ಇನ್ನು ಮೇಲೆ ಒರೆಸುವವಳು ಇವಳು. ಸೌಭಾಗ್ಯ ಅಂತ ಹೆಸರು, ಹಡಗಲಿಯವಳು, ಬರುವ ಸೋಮವಾರ ಮದುವೆ. ಗಂಡು ಮಾರೇಶ್ ಕೊಟ್ಟೂರಿನವನು, ಬಾಡಿಗೆಗೆ ಓಡುವ ಈ ಕ್ರೂಸರ್ ಗಾಡಿಯ ಮಾಲೀಕನೂ ಅವನೇ ಡ್ರೈವರೂ ಅವನೇ, ಎರಡು ವರ್ಷದಿಂದ ಬೀರಲಿಂಗೇಶನಿಗೆ... ಏನು? ಆ ಜಾಗಕ್ಕೆ ಹೊಂದುವ ಮಾತು ಅವನಿಗೆ ಯಾವತ್ತೂ ಸಿಕ್ಕಿರಲಿಲ್ಲ. ಗಿರಾಕಿ ಎಂದು ಅಕ್ಕನಿಗೆ ಹೇಳಿದ್ದ. ಗೆಳೆಯರು ಎಂದು ಅವನ ಅಂಗಡಿಯಿದ್ದ ಬೊಮ್ಮನಹಳ್ಳಿಯಲ್ಲಿ ಅಕ್ಕಪಕ್ಕದವರು ಅಂದುಕೊಂಡಿದ್ದರು. ಇಬ್ಬರೂ ಒಂದೇ ಹಾಸಿಗೆಯಲ್ಲಿ ಮಲಗೆದ್ದವರು ಎಂಬುದು ಆ ಇಬ್ಬರಿಗೆ ಮಾತ್ರ ಗೊತ್ತಿತ್ತು. ಈಗ ಆ ಇಬ್ಬರಲ್ಲೊಬ್ಬ ಬಾನೆಟ್ಟಿಗೆ ಒರಗಿ ನಿಂತು, ತನ್ನ ಹೆಂಡತಿಯಾಗುವವಳು ಬಣ್ಣ ಆರಿಸುವುದನ್ನು ನೋಡಿ ನಗುತ್ತಿದ್ದ. ಎಷ್ಟು ಸಲೀಸಾಗಿ ನಗುತ್ತಾನೆ ನನ್ನ ಮಗ, ಅಂದುಕೊಂಡ ಬೀರಲಿಂಗೇಶ್.

"ನೀವು ಕುಂದರ್ರಿ ಅಣ್ಣಾರ, ನಾವು ಬಂದಾಗಿಂದ ನಿಂತೇ ಅದೀರಿ," ಅಂದಳು ಸೌಭಾಗ್ಯ. ಅಂಗಡಿಯಲ್ಲಿದ್ದ ಒಂದೇ ಸ್ಟೂಲಿನಿಂದ ಎದ್ದು ಅದನ್ನು ಅವನ ಕಡೆ ಸರಿಸಿದಳು. ಒಳ್ಳೆಯವಳು. ಅದೇ ತಡೆಯಲಾಗದ್ದು. ಕೆಟ್ಟವಳಾಗಿದ್ದರೆ, ಸೊಕ್ಕಿನವಳಾಗಿದ್ದರೆ, ಹಲ್ಲುಬ್ಬಿಯಾದರೂ ಆಗಿದ್ದರೆ ಅವನಿಗೊಂದು ಆಸರೆ ಇರುತ್ತಿತ್ತು. "ನಿಂತು ಮಾಡಿದ್ರನ ಕೆಲಸ ಸಾಗೋದು," ಎಂದು ಸುಳ್ಳು ಹೇಳಿದ. ಸೀಟು ಹೊಲಿಯುವವನು ಕೂರಲಾಗದೆ ನಿಂತು ಹೊಲಿಯುವ ಗತಿ ಬಂದು ಎಷ್ಟೋ ತಿಂಗಳಾಗಿತ್ತು. ಮಷೀನಿನ ಮುಂದೆ ಕೂತರೆ ಗುದದ್ವಾರದ ಒಳಗೆ ಯಾರೋ ಮೆಣಸಿನಪುಡಿ ತುರುಕಿದ ಹಾಗೆ ಉರಿ. ಕಕ್ಕಸಿಗೆ ಹೋಗಬೇಕೆಂದು ಗಳಿಗೆಗೊಮ್ಮೆ ಒತ್ತಡ, ಹೋದರೆ ಬರುವುದು ಒಂದಿಷ್ಟು ಲೋಳೆ, ಒಂದಿಷ್ಟು ರಕ್ತ. ಗಿರಾಕಿ ಎದುರು ಮಾತಾಡುತ್ತಾ ಇದ್ದವನು ಇದ್ದಕ್ಕಿದ್ದಂತೆ ಹಿತ್ತಲಿಗೆ ಓಡುವುದು, ಬಂದ ಮೇಲೆ ಅವರ ಮುಖ ನೋಡಲಾಗದೆ ದಾರದ ಉಂಡೆ ಹುಡುಕುವುದು, ಒಳಚಡ್ಡಿಯನ್ನು ಅಕ್ಕ ಏಳುವ ಮೊದಲೇ ಒಗೆದು ಹಾಕುವುದು. ಮಾರೇಶ್ ಮುಟ್ಟಲು ಬಂದಾಗೆಲ್ಲ ಮೈ ಸರಿಯಿಲ್ಲ ಅಂದು ಬೀರಲಿಂಗೇಶನೇ ದೂರ ತಳ್ಳಿದ್ದ. ತಳ್ಳಿದವನು ನಾನೇ, ಹೋಗಿ ಹೆಣ್ಣು ನೋಡಿ ಬಂದದ್ದು ಅವನ ತಪ್ಪು ಹೇಗಾದೀತು ಎಂದು ಒಮ್ಮೊಮ್ಮೆ ನ್ಯಾಯವಾಗಿ ಯೋಚಿಸುತ್ತಿದ್ದ. ನ್ಯಾಯವಾಗಿ ಯೋಚಿಸಿದ ದಿನ ಊಟ ಸೇರುತ್ತಿರಲಿಲ್ಲ.

"ಸಂಜಿಕ ಮುಂದಿನ ಎರಡು ಸೀಟು ಕೊಟ್ಬಿಡಣ್ಣ," ಅಂದ ಮಾರೇಶ್, ಬೀಗದ ಕೈಯನ್ನು ಅವನ ಅಂಗೈಗೆ ಹಾಕುತ್ತಾ. "ಹಿಂದಿನವು ಆಮ್ಯಾಲ ನೋಡೋಣು. ಮದುವಿ ದಿನ ಆಕಿ ಮುಂದ ನನ್ನ ಬಾಜೂಕ ಕುಂದ್ರಾಕಿ." ಬೆರಳಿಗೆ ಬೆರಳು ತಗಲಿತು. ಹಿಂದೆ ಇದೇ ನೆವದಲ್ಲಿ ಒಂದು ಗಳಿಗೆ ಹೆಚ್ಚೇ ನಿಲ್ಲುತ್ತಿದ್ದ ಕೈ ಇವತ್ತು ತಟ್ಟನೆ ಹಿಂದಕ್ಕೆ ಹೋಯಿತು. ಸೀರೆ ಅಂಗಡಿಯಲ್ಲಿ ಕಾಯುತ್ತಿದ್ದ ಹುಡುಗಿಯ ಚಿಕ್ಕಮ್ಮನನ್ನು ಕೂಡಿಕೊಳ್ಳಲು ಅವರಿಬ್ಬರೂ ಬಜಾರಿನ ಕಡೆ ನಡೆದು ಹೋದರು. ಮಾರೇಶ್ ಅವಳಿಗೆ ನೆರಳು ಬಿಟ್ಟು ತಾನು ಬಿಸಿಲಿನ ಕಡೆಗೆ ನಡೆಯುತ್ತಿದ್ದ. ತನ್ನ ಜೊತೆ ಎಂದಾದರೂ ಹಾಗೆ ನಡೆದಿದ್ದನೇ? ಬೀರಲಿಂಗೇಶ್ ನೆನಪು ಮಾಡಿಕೊಂಡ. ನಡೆದಿರಲಿಲ್ಲ. ಇಬ್ಬರೂ ಒಟ್ಟಿಗೆ ರಸ್ತೆಯಲ್ಲಿ ನಡೆದದ್ದೇ ಇರಲಿಲ್ಲ.

ಹೇಳಬೇಕಾಗಿತ್ತು. ಈಗಲೇ, ಬೀಗದ ಕೈ ಕೊಡುವಾಗಲೇ, ಒಂದು ನಿಮಿಷ ಒಳಗೆ ಬಾ ಅಂದು ಹೇಳಿಬಿಡಬೇಕಾಗಿತ್ತು. ಅವನು ಡ್ರೈವರ್ ಪಕ್ಕದ ಸೀಟನ್ನು ಬಿಚ್ಚಿ ಹೊರಗೆಳೆದು ಕಟ್ಟೆಯ ಮೇಲಿಟ್ಟುಕೊಂಡು ಹೊಲಿಗೆ ಕೀಳತೊಡಗಿದ. ಹರಪನಹಳ್ಳಿಯ ಬಸ್‌ಸ್ಟ್ಯಾಂಡಿನ ಹಿಂದೆ ಮೂಲವ್ಯಾಧಿಯ ಬೋರ್ಡು ಹಾಕಿಕೊಂಡವನೊಬ್ಬ ಎರಡು ಸಲ ಏನನ್ನೋ ಹಚ್ಚಿ ಕಳಿಸಿದ್ದ. ಅವತ್ತು ಅಲ್ಲಿಂದ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತೇ ಬಂದಿದ್ದ, ಸೀಟು ಖಾಲಿಯಿದ್ದರೂ. ಕೋಗಳಿಯ ಕಡೆಯ ಮದ್ದಿನವನು ಬೇರು ಕೊಟ್ಟು, ಬದನೆಕಾಯಿ ಬಿಡಿಸಿದ್ದ, ಕೋಳಿ ಬಿಡಿಸಿದ್ದ. ಯಾವುದಕ್ಕೂ ಬಗ್ಗದಾಗ ಹೊಸಪೇಟೆಗೆ ಹೋದ. "ಎಡಮಗ್ಗುಲಾಗಿ ಮಲಕ್ಕೊಳ್ರಿ, ಮೊಣಕಾಲು ಎದಿಗೆ ಹಚ್ರಿ," ಅಂದರು ಡಾಕ್ಟರು. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ನರ್ಸೊಬ್ಬಳು ಲೈಟು ಹಿಡಿದಿದ್ದಳು, ಹಿಡಿದುಕೊಂಡೇ ಯಾರಿಗೋ ಊಟದ ಡಬ್ಬಿಯ ವಿಚಾರ ಹೇಳುತ್ತಿದ್ದಳು. ಡಾಕ್ಟರು ನೋಡಿ ಮುಗಿಸಿ ಅವಳನ್ನು ಹೊರಗೆ ಕಳಿಸಿದರು. "ಇದು ಮೂಲವ್ಯಾಧಿ ಅಲ್ಲಪ್ಪ. ಒಳಗೆಲ್ಲ ಹುಣ್ಣಾಗ್ಯಾವ. ವೈರಸ್ ಹುಣ್ಣು. ಗಂಡಸರ ಜೊತಿ ಸಂಬಂಧ ಐತೇನು?" ಕೇಳಿದ ದನಿಯಲ್ಲಿ ಬೈಗುಳ ಇರಲಿಲ್ಲ. ಬೈದಿದ್ದರೆ ಇಲ್ಲ ಅನ್ನಬಹುದಿತ್ತು. ಗೋಡೆಗೆ ಹೌದು ಎಂದು ತಲೆಯಾಡಿಸಿದ.

ಆಮೇಲೆ ರಕ್ತದ ಪರೀಕ್ಷೆ, ಆಮೇಲೆ ಸರ್ಕಾರಿ ಆಸ್ಪತ್ರೆಯ ಮೂಲೆಯ ಕೋಣೆ, ಅಲ್ಲಿ ಕೈತುಂಬ ಬಳೆ ತೊಟ್ಟಿದ್ದ ಕೌನ್ಸೆಲರ್ ಮೇಡಂ. ಎಚ್‌ಐವಿ ಅಂದರು. ಅದು ಮೈಯ ಶಕ್ತಿಯನ್ನು ತಿಂದು ಹಾಕಿದ್ದರಿಂದಲೇ ಆ ಹುಣ್ಣುಗಳು ಮಾಯದೆ ಉಳಿದಿವೆ ಅಂದರು. "ಮೊದಲಿನಂಗ ಅಲ್ರಿ ಈಗ. ದಿನಾ ಗುಳಿಗಿ ತಗೊಂಡ್ರ ಎಲ್ಲಾರಂಗ ಬಾಳ್ತೀರಿ. ಹುಣ್ಣೂ ಮಾಯ್ತಾವ. ಆದ್ರ ನಿಮ್ಮ ಜೋಡಿ ಇದ್ದೋರನ್ನ ಕರಕೊಂಡು ಬರಬೇಕ್ರಿ. ಅವ್ರಿಗೂ ಗೊತ್ತಾಗಬೇಕಲ್ಲ, ಅವ್ರ ಮನ್ಯಾಗಿನೋರಿಗೂ ತಗಲಬಾರದಲ್ಲ." ಅವನಿಗೆ ಸಾವಿನ ಯೋಚನೆ ಬರಲಿಲ್ಲ. ಬಂದ ಮೊದಲ ಯೋಚನೆ, ಮಾರೇಶ ಬೇರೆ ಯಾರ ಹತ್ತಿರ ಹೋಗಿದ್ದಾನೆ ಎಂಬುದು. ಮೇಡಂ ಇನ್ನೂ ಒಂದು ಮಾತು ಹೇಳಿದ್ದರು; ರಕ್ತ ನೋಡಿದರೆ ಇದು ಹೊಸದಲ್ಲ, ಸೇರಿಕೊಂಡು ಬಹಳ ವರ್ಷ ಆಗಿರಬೇಕು, ಯಾರಿಂದ ಯಾರಿಗೆ ಎಂದು ತಲೆ ಕೆಡಿಸಿಕೊಳ್ಳಬೇಡಿ ಅಂತ. ಆ ಮಾತನ್ನು ಅವನು ಅಲ್ಲೇ ಬೆಂಚಿನ ಮೇಲೆ ಬಿಟ್ಟು ಬಂದಿದ್ದ.

ಹಳೆಯ ರೆಕ್ಸಿನ್ ಕಿತ್ತು ಬಂತು. ಒಳಗಿನ ಸ್ಪಂಜನ್ನು ಬೆಳಕಿಗೆ ಹಿಡಿದ. ಇದು ಅವನ ಕೆಲಸದ ರೀತಿ: ಕವರು ಬಿಚ್ಚಿದ ಕೂಡಲೇ ಸ್ಪಂಜು ನೋಡುವುದು. ಎಲ್ಲಿ ತಗ್ಗು, ಎಲ್ಲಿ ಪುಡಿ, ಕೂರುವವನು ಭಾರದವನೋ, ಒಂದು ಮಗ್ಗುಲಿಗೆ ವಾಲುವವನೋ, ಎಲ್ಲವನ್ನೂ ಹೇಳಿ ಗಿರಾಕಿಗಳನ್ನು ಬೆಚ್ಚಿಬೀಳಿಸುತ್ತಿದ್ದ. ಈ ಸ್ಪಂಜು ಬಲಕ್ಕೆ ಸವೆದಿತ್ತು. ಬರೀ ಬಲಕ್ಕೆ. ಡ್ರೈವರಿನ ಕಡೆಗೆ, ಗೇರಿನ ಕಡೆಗೆ, ಯಾರೋ ದಿನಗಟ್ಟಲೆ ಮೈ ಆತುಕೊಂಡು ಕೂತಿದ್ದಾರೆ. ಎಡಭಾಗ ಇನ್ನೂ ಹೊಸದರ ಹಾಗೆ ಉಬ್ಬಿಕೊಂಡಿತ್ತು. ಬೀರಲಿಂಗೇಶನ ಕಿವಿ ಕಾದವು. ಬಾಡಿಗೆ ಕೊಟ್ಟು ಕೂತ ಜನ ಹಾಗೆ ಕೂರುವುದಿಲ್ಲ. ಅವರು ಕಿಟಕಿಗೆ ಆನಿಕೊಳ್ಳುತ್ತಾರೆ. ಕೂಡ್ಲಿಗಿಯಿಂದ ಬರುತ್ತಿದ್ದ ಆ ಮೊಬೈಲ್ ಅಂಗಡಿಯ ಹುಡುಗ, ತಲೆಗೆ ಕಂದು ಬಣ್ಣ ಹಾಕಿಕೊಂಡವನು? ಮೈಲಾರದ ಜಾತ್ರೆಗೆ ಜನ ತುಂಬಿಕೊಂಡು ಹೋದಾಗ ಮಾರೇಶ್ ಪದೇ ಪದೇ ಹೆಸರು ಹೇಳಿದ್ದ ಆ ಸೋಡಾದವನು? ಒಬ್ಬೊಬ್ಬರನ್ನೇ ಆ ತಗ್ಗಿನಲ್ಲಿ ಕೂರಿಸಿ ನೋಡಿದ, ಎಬ್ಬಿಸಿದ, ಇನ್ನೊಬ್ಬನನ್ನು ಕೂರಿಸಿದ. ಇವನೇ, ಇವನಿಂದಲೇ ಮಾರೇಶನಿಗೆ, ಮಾರೇಶನಿಂದ ನನಗೆ. ಹಲ್ಲು ಕಡಿದುಕೊಂಡು ಕತ್ತರಿಯಿಂದ ಸವೆದ ಭಾಗವನ್ನು ಕೊರೆದು ತೆಗೆಯಲು ಹೋದವನಿಗೆ ಅಲ್ಲೊಂದು ಸಣ್ಣ ತೂತು ಕಂಡಿತು, ಹಿಂಬದಿಯ ಬಲಮೂಲೆಯಲ್ಲಿ. ಕತ್ತರಿಯ ತುದಿ ಹಿಡಿದರೆ ಸರಿಯಾಗಿ ಕೂತಿತು.

ತನ್ನದೇ ಪ್ಯಾಂಟಿನ ಹಿಂದಿನ ಬಲಜೇಬಿನಲ್ಲಿ ಯಾವಾಗಲೂ ಇರುವ ಕತ್ತರಿ. ಹರಪನಹಳ್ಳಿ ದಾಟಿ ದಾವಣಗೆರೆಗೆ ರೆಕ್ಸಿನ್ ತರಲು ಹೋದಾಗ, ಹಡಗಲಿಯ ಹೊಳೆದಂಡೆಗೆ ಸುಮ್ಮನೆ ಹೋಗಿ ಬಂದಾಗ, ಕಿಟಕಿ ಬಿಟ್ಟು ಗೇರಿನ ಕಡೆ ವಾಲಿಕೊಂಡು, ಮಾರೇಶನ ಮೊಣಕೈ ತಗಲುವಷ್ಟು ಹತ್ತಿರಕ್ಕೆ ಸರಿದು ಕೂತು ಬಂದವನು ತಾನೇ. ಇಷ್ಟು ಹೊತ್ತು ತನ್ನ ಮೇಲೆಯೇ ಹೊಟ್ಟೆಕಿಚ್ಚು ಪಟ್ಟಿದ್ದ. ನಗು ಬಂತು, ಅದರ ಹಿಂದೆಯೇ ಬೆಂಚಿನ ಮೇಲೆ ಬಿಟ್ಟು ಬಂದಿದ್ದ ಮೇಡಂನ ಮಾತೂ ಬಂತು. ಬಹಳ ವರ್ಷ. ಮಾರೇಶನ ಪರಿಚಯ ಎರಡು ವರ್ಷದ್ದು. ಅದಕ್ಕೂ ಮೊದಲು, ಸಾಮಾನು ತರಲು ಹೋದ ಊರುಗಳ ಲಾಡ್ಜುಗಳಲ್ಲಿ, ಹೆಸರು ಕೇಳದೆ ಹೆಸರು ಹೇಳದೆ ಬಂದು ಹೋದವರು ಇದ್ದರು. ಹಾಗಾದರೆ ಮಾರೇಶನಿಗೆ ರೋಗ ಕೊಟ್ಟವನು ತಾನೇ ಇರಬೇಕು. ದ್ವೇಷಿಸಲು ಹುಡುಕಿಟ್ಟುಕೊಂಡಿದ್ದ ಆ ಇನ್ನೊಬ್ಬ ಗಂಡಸು ಇಲ್ಲವೇ ಇಲ್ಲ. ಉಳಿದವಳು ಆ ಹುಡುಗಿ ಒಬ್ಬಳೇ, ಸ್ಟೂಲು ಸರಿಸಿಕೊಟ್ಟವಳು.

ಹೇಳಿದರೆ ಮದುವೆ ನಿಲ್ಲುತ್ತದೆ. ಇದು ಹೊಳೆದಾಗ ಎದೆ ಹಗುರಾದದ್ದು ಅವನಿಗೇ ತಿಳಿಯಿತು, ತಿಳಿದು ಅಸಹ್ಯವಾಯಿತು. ಹೇಳುವುದು ಧರ್ಮ, ಅದರಲ್ಲಿ ಎರಡು ಮಾತಿಲ್ಲ. ಹೇಳದಿದ್ದರೆ ಏನೂ ಅರಿಯದ ಆ ಹುಡುಗಿಗೂ ತಗಲಬಹುದು, ನಾಳೆ ಅವಳ ಮಗುವಿಗೂ. ಆದರೆ ಹೇಳಬೇಕೆಂದು ಬಾಯಿ ತೆರೆದಾಗೆಲ್ಲ ಆ ಧರ್ಮದ ಹಿಂದೆ ನಿಂತು ಹೊಟ್ಟೆಕಿಚ್ಚು ತಾನೂ ಬಾಯಿ ತೆರೆಯುತ್ತಿತ್ತು. ಯಾವುದು ಮಾತಾಡುತ್ತದೆ ಎಂದು ಅವನಿಗೇ ಖಾತ್ರಿ ಇಲ್ಲದಾಗ ಮಾರೇಶ್ ನಂಬುವುದಾದರೂ ಹೇಗೆ? ಮದುವೆ ಮುಗಿದ ಮೇಲೆ ಹೇಳಿದರೆ ಹೊಟ್ಟೆಕಿಚ್ಚಿಗಲ್ಲ ಎಂದಾದರೂ ಆಗುತ್ತದೆ, ಎಂದು ಒಂದು ಗಳಿಗೆ ಅನ್ನಿಸಿತು. ತನ್ನ ಮನಸ್ಸು ಚೊಕ್ಕಟವಿದೆ ಎಂದು ತೋರಿಸಿಕೊಳ್ಳಲು ಆ ಹುಡುಗಿಯನ್ನು ಬಲಿಕೊಡುವ ಈ ಯೋಚನೆ ಎಷ್ಟು ಸಭ್ಯವಾಗಿ ಬಂದು ನಿಂತಿತು ಎಂದರೆ ಅವನಿಗೆ ತನ್ನ ಬಗ್ಗೆಯೇ ಭಯವಾಯಿತು.

"ಏ ಬೀರ, ಇದನ್ನ ಕುಡಿ." ಅಕ್ಕ ದ್ಯಾಮಕ್ಕ ಹಿತ್ತಲ ಬಾಗಿಲಿನಿಂದ ಬಂದಳು. ಗಂಡ ತೀರಿಕೊಂಡ ಮೇಲೆ ತಮ್ಮನ ಜೊತೆಗೇ ಇರುವವಳು. ಮುಟ್ಟಿದರೆ ಮುನಿ ಸೊಪ್ಪು ಅರೆದು ಕದಡಿದ ಮಜ್ಜಿಗೆಯ ಲೋಟ ಅವಳ ಕೈಯಲ್ಲಿತ್ತು. ಅವಳ ಲೆಕ್ಕದಲ್ಲಿ ಇದು ಇನ್ನೂ ಮೂಲವ್ಯಾಧಿಯೇ. "ಮಾರೇಶನ ಮದುವ್ಯಾಗ ಬದನಿಕಾಯಿ ಎಣ್ಣಿಗಾಯಿ ಮಾಡ್ತಾರ, ಬಾಯಿಚಪಲಕ್ಕ ಮುಟ್ಟೀಯ ಮತ್ತ. ಮದ್ದಿನಾಂವ ಹೇಳ್ಯಾನ."

"ಇಲ್ಲಬೇ, ಮುಟ್ಟಲ್ಲ."

"ಹುಡುಗಿ ಚಂದ ಅದಾಳ. ನೀನೂ ಹೂಂ ಅಂದಿದ್ರ ನಿನಗೂ ಒಂದು ಹಿಂಗ..." ಮಾತು ಅರ್ಧಕ್ಕೇ ಬಿಟ್ಟು ಲೋಟವನ್ನು ಅವನ ಕೈಗಿಟ್ಟಳು. ಅವನು ಕುಡಿದ. ಅವಳು ಎಷ್ಟು ಬಲ್ಲಳು, ಎಷ್ಟನ್ನು ಅರಿಯದವಳ ಹಾಗೆ ಇದ್ದಾಳೆ ಎಂಬುದು ಅವನಿಗೆ ಯಾವತ್ತೂ ಅಂದಾಜಾಗಿರಲಿಲ್ಲ. ಸೊಪ್ಪಿನ ಒಗರು ನಾಲಗೆಯ ಮೇಲೆ ಉಳಿಯಿತು.

ಮಧ್ಯಾಹ್ನವೆಲ್ಲ ಹೊಲಿದ. ಕೋಪಕ್ಕೋ ಹಟಕ್ಕೋ, ಇಷ್ಟು ಅಂದವಾಗಿ ಅವನು ಎಂದೂ ಹೊಲಿದಿರಲಿಲ್ಲ. ಹೊಸ ಸ್ಪಂಜು ಹಾಕಿ, ಅಂಚಿಗೆ ಕಂದು ಗೆರೆ ಕೊಟ್ಟು, ಮೊಳೆಯ ತಲೆ ಒಂದೂ ಕಾಣದ ಹಾಗೆ ಎಳೆದು ಬಿಗಿದ. ಸೀಟುಗಳನ್ನು ಗಾಡಿಗೆ ಕೂರಿಸಿ ಬೋಲ್ಟು ತಿರುವುವಾಗ ಬಿಸಿಲು ಇಳಿದಿತ್ತು. ಚಿಕ್ಕಮ್ಮನನ್ನು ಹಡಗಲಿ ಬಸ್ಸಿಗೆ ಹತ್ತಿಸಿ ಅವರಿಬ್ಬರೇ ಬಂದರು, ಸೌಭಾಗ್ಯಳ ಕೈಯಲ್ಲಿ ಬಟ್ಟೆಯ ಚೀಲಗಳು. ಸೀಟು ನೋಡಿ ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. "ಅಯ್ಯ, ಹೂವಿನಂಗ ಆಗೈತಲ್ರಿ!" ಹತ್ತಲು ಹೋದವಳು ತಡೆದು ಮಾರೇಶನನ್ನು ನೋಡಿದಳು. "ಹಂಗಲ್ಲ, ಅಣ್ಣಾರು ಮೊದ್ಲು ಕುಂತು ಕೊಡಬೇಕಂತಲ್ಲ?"

ಅದು ನಿಜ. ತಾನು ಕೂತು ನೋಡದ ಸೀಟನ್ನು ಬೀರಲಿಂಗೇಶ್ ಯಾರಿಗೂ ಕೊಟ್ಟವನಲ್ಲ. ಅವನು ಕೂತು ಕೊಟ್ಟ ಗಾಡಿಗೆ ಬಾಡಿಗೆ ತಪ್ಪುವುದಿಲ್ಲ ಎಂದು ಈ ಸುತ್ತಿನ ಡ್ರೈವರುಗಳಲ್ಲಿ ಒಂದು ನಂಬಿಕೆಯೇ ಬೆಳೆದಿತ್ತು. ಅವಳಿಗೆ ಅದನ್ನು ಹೇಳಿದವನು ಮಾರೇಶ್. ತನ್ನ ಬಗ್ಗೆ ಅವಳ ಹತ್ತಿರ ಮಾತಾಡಿದ್ದಾನೆ. ಏನೇನು ಮಾತಾಡಿರಬಹುದು, ಯಾವ ದನಿಯಲ್ಲಿ? "ಇರ್ಲಿ ಬಿಡವ್ವ, ನೀನೇ ಕುಂದ್ರು," ಅಂದ. "ಛೇ ಛೇ, ಮದುವಿ ಗಾಡಿ ಅಣ್ಣಾರ," ಅಂದಳು ಅವಳು, ಅರ್ಧ ನಗುತ್ತಾ ಅರ್ಧ ಭಕ್ತಿಯಲ್ಲಿ. ಮಾರೇಶನೂ, "ಕುಂದ್ರಣ್ಣ, ಏನು ಬಿಂಕ ಮಾಡ್ತಿ," ಅಂದ. ಆ ಬಿಂಕ ಅನ್ನುವ ಮಾತಿಗೆ ಬೀರಲಿಂಗೇಶ್ ಉರಿದು ಹೋದ. ಫುಟ್‌ಬೋರ್ಡಿಗೆ ಕಾಲು ಕೊಟ್ಟು ಹತ್ತಿ, ಇದು ನನ್ನ ಜಾಗ ಎಂದು ತೋರಿಸುವವನ ಹಾಗೆ, ಹುಷಾರಿಲ್ಲದೆ ಇಡೀ ಭಾರ ಬಿಟ್ಟು ಕೂತುಬಿಟ್ಟ. ಕಣ್ಣಿಗೆ ಕತ್ತಲೆ ಕವಿಯಿತು. ಬಾಯಿಂದ ದನಿ ಹೊರಡದ ಹಾಗೆ ತುಟಿ ಕಚ್ಚಿ, ಅವಳ ಎದುರು ಸೋಲಬಾರದೆಂದೇ ಇನ್ನಷ್ಟು ಹೊತ್ತು ಕೂತ. ಇಳಿದಾಗ ಮಾರೇಶನ ಮುಖ ಬದಲಾಗಿತ್ತು. ಬೀರಲಿಂಗೇಶ್ ತಿರುಗಿ ನೋಡಿದ. ಕೆನೆಬಣ್ಣದ ಮೇಲೆ ಅಂಗೈಯಗಲದ ಕಲೆ, ಕೆಂಪು, ಅಂಚಿನಲ್ಲಿ ಹಳದಿ.

ಒಂದು ಮೋಟರ್‌ಸೈಕಲ್ ಹಾದು ಹೋಯಿತು. ಮೊದಲು ಮಾತಾಡಿದವಳು ಸೌಭಾಗ್ಯ. "ಮೂಲವ್ಯಾಧಿ ಏನ್ರಿ? ಪಾಪ, ನಮ್ಮಪ್ಪಗೂ ಹಿಂಗ ಆಗ್ತಿತ್ತು. ನಾಚಬ್ಯಾಡ್ರಿ ಅಣ್ಣಾರ," ಎಂದು, ಸೆರಗಿಗೆ ಸಿಕ್ಕಿಸಿದ್ದ ಕರ್ಚೀಫು ತೆಗೆದು ಸೀಟಿನ ಮೇಲೆ ಬಗ್ಗಿದಳು.

"ಮುಟ್ಟಬ್ಯಾಡ!"

ತನ್ನ ಗಂಟಲಿನಿಂದ ಅಂಥ ದನಿ ಬರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಅವಳ ಮಣಿಕಟ್ಟನ್ನು ಹಿಡಿದು ಎಳೆದಿದ್ದ. ಬಳೆಯೊಂದು ಒಡೆದು ಕೆಳಗೆ ಬಿತ್ತು. ಎದುರಿನ ಟೀ ಅಂಗಡಿಯವರು ತಿರುಗಿ ನೋಡಿದರು. ಅವಳ ಕಣ್ಣಲ್ಲಿ ನೀರು ಬಂತು. "ಬಳಿ ಒಡೆದ್ಯಲ್ಲೋ! ಮದುವಿ ಹುಡುಗಿ ಅದಾಳ ಆಕಿ," ಎಂದು ಮಾರೇಶ್ ಅವನ ರಟ್ಟೆ ಹಿಡಿದು ಒಳಕೋಣೆಗೆ ನೂಕಿಕೊಂಡು ಹೋದ. ಸ್ಪಂಜಿನ ಹಾಳೆಗಳನ್ನು ಅಟ್ಟಣಿಗೆಯವರೆಗೆ ಒಟ್ಟಿದ್ದ ಆ ಕೋಣೆಗೆ ಅವರಿಬ್ಬರು ಬಂದು ಎಷ್ಟೋ ದಿನವಾಗಿತ್ತು. ಮಾರೇಶ್ ಬಾಗಿಲು ಎಳೆದ. ಬೀರಲಿಂಗೇಶ್ ಟವೆಲನ್ನು ಸೊಂಟಕ್ಕೆ ಸುತ್ತಿಕೊಂಡು, ಹೇಗೆ ಹೇಳಬೇಕೆಂದು ಸಿದ್ಧ ಮಾಡಿಕೊಂಡಿದ್ದ ಯಾವ ಮಾತೂ ನೆನಪಾಗದೆ, ಹೇಳಿದ. ಇದು ಮೂಲವ್ಯಾಧಿ ಅಲ್ಲ. ಎಚ್‌ಐವಿ. ನಿನಗೂ ಇರಬಹುದು. ಮದುವೆಗಿಂತ ಮೊದಲು ರಕ್ತ ತೋರಿಸು.

ಮಾರೇಶ್ ಮೂಗಿನಲ್ಲೇ ನಕ್ಕ. "ಸೋಮವಾರ ಮದುವಿ ಇಟ್ಕೊಂಡು ಇವತ್ತು ಹೇಳ್ತೀಯಲ್ಲ. ನನಗ ಗೊತ್ತಿತ್ತು, ನೀ ಏನಾರ ಒಂದು ಮಾಡ್ತಿ ಅಂತ. ಆದ್ರ ಇಂಥಾದ್ದು ಹೇಳ್ತಿ ಅಂತ ಅನ್ಕೊಂಡಿರಲಿಲ್ಲ. ಮದುವಿ ಮುರೀಬೇಕು, ಅಷ್ಟನ ಹೌದಲ್ಲೋ ನಿನಗ?"

"ಹೌದು," ಅಂದ ಬೀರಲಿಂಗೇಶ್. "ಮುರೀಲಿ ಅಂತ ಆಸಿ ಐತಿ. ದಿನಾ ಅದನ್ನ ಬೇಡ್ಕೋತೀನಿ. ಆಕಿನ್ನ ಕಂಡ್ರ ನನಗಾಗಲ್ಲ. ಆದ್ರ ಇದು ಖರೇನ. ನಿನಗ ಬಂದಿದ್ರ ಬಹುಶಃ ನನ್ನಿಂದನ ಬಂದೈತಿ. ಹೊಡೀತಿದ್ರ ಹೊಡಿ, ಆದ್ರ ರಕ್ತ ತೋರಿಸು."

ಹೊರಗೆ ಸೌಭಾಗ್ಯ ಬಳೆಯ ಚೂರುಗಳನ್ನು ಗುಡಿಸುತ್ತಿದ್ದ ಸದ್ದು ಬಂತು. ಮಾರೇಶನ ಕೈ ಏಳಲಿಲ್ಲ. ಅವನು ಗೋಡೆಗೆ ಹಣೆ ಹಚ್ಚಿ ನಿಂತ. "ಕುಂದ್ರು," ಅಂದ ಬೀರಲಿಂಗೇಶ್, ಸ್ಪಂಜಿನ ಹಾಳೆಯೊಂದನ್ನು ಎಳೆದು ಹಾಸುತ್ತಾ.

"ಕುಂದ್ರಾಕ ಆಗಲ್ಲೋ," ಅಂದ ಮಾರೇಶ್, ಗೋಡೆಗೆ. ದನಿ ಸಣ್ಣಗಿತ್ತು. "ನನಗೂ ಉರಿ ಐತಿ. ರಕ್ತಾನೂ ಹೋಗ್ತೈತಿ. ಗಾಡಿ ಓಡ್ಸಿ ಓಡ್ಸಿ ಮೂಲವ್ಯಾಧಿ ಆಗೈತಿ ಅಂತ ಸುಮ್ನಿದ್ದೆ. ಯಾರಿಗೂ ಹೇಳಿಲ್ಲ. ಆಕಿಗೂ ಗೊತ್ತಿಲ್ಲ. ನಿನಗೊಬ್ಬಗ ಹೇಳಾಕತ್ತೀನಿ."

ಬೀರಲಿಂಗೇಶನಿಗೆ ಮೊದಲು ಬಂದದ್ದು ಸಂಕಟವಲ್ಲ, ಸಂತೋಷ. ನಿನಗೊಬ್ಬಗ. ಅವಳಿಗೆ ಗೊತ್ತಿಲ್ಲದ್ದು, ಅವಳು ಯಾವ ಕರ್ಚೀಫಿನಿಂದ ಒರೆಸಿದರೂ ಹೋಗದ್ದು, ತಮ್ಮಿಬ್ಬರಿಗೇ ಸೇರಿದ್ದು. ಇನ್ನು ಅದೇ ಡಾಕ್ಟರು, ಅದೇ ಬೆಂಚು, ಅದೇ ಗುಳಿಗೆ, ದಿನಾ. ತುಟಿಗಳು ತಾವಾಗಿಯೇ ಬಿರಿಯತೊಡಗಿದವು. ತಾನು ಪ್ರೀತಿಸಿದವನಿಗೆ ರೋಗ ಬಂದದ್ದಕ್ಕೆ ನಗುತ್ತಿದ್ದೇನೆ ಎಂಬ ನಾಚಿಕೆ ಅದರ ಹಿಂದೆ ಬಂತು, ಆದರೆ ನಗುವನ್ನು ಹಿಡಿಯುವಷ್ಟು ಬೇಗ ಬರಲಿಲ್ಲ. ಗೋಡೆಯಿಂದ ಮಾರೇಶ್ ತಿರುಗುವುದು ಕಂಡು ಅವನು ಸೊಂಟದ ಟವೆಲು ಕಿತ್ತು ಮುಖಕ್ಕೆ ಒತ್ತಿ ಹಿಡಿದುಕೊಂಡ. ಹೆಗಲು ಅಲುಗುತ್ತಿತ್ತು. ಮಾರೇಶ್ ಹತ್ತಿರ ಬಂದ. ಬೆನ್ನ ಮೇಲೆ ಕೈಯಿಟ್ಟು, ನಿಧಾನಕ್ಕೆ ಸವರಿದ.

"ಅಳಬ್ಯಾಡ ಬೀರಾ," ಅಂದ. "ನಾಳಿ ಇಬ್ರೂ ಹೋಗೋಣು."